ಕೀ ಕೊಡುವ ಗಡಿಯಾರ

ನಮ್ಮ ಕನ್ನಡದಲ್ಲಿ 'ಗಂಟೆ' ಎಂಬ ಒಂದೇ ಪದಕ್ಕೆ ಎರಡು ಅರ್ಥಗಳಿವೆ. ದೇವಾಲಯದ ಗೋಪುರದಲ್ಲಿ ತೂಗುವುದೂ ಗಂಟೆ, ಕೈಗಡಿಯಾರ ತೋರಿಸುವುದೂ ಗಂಟೆ. ಗಡಿಯಾರಕ್ಕೆ ಇಂಗ್ಲಿಷರು ಬಳಸುವ 'ಕ್ಲಾಕ್' ಎಂಬ ಪದದ ಮೂಲವೂ ಗಂಟೆಯೇ. ಅದು 'ಕ್ಲೊಕ್ಕ' ಎಂಬ ಮಧ್ಯಯುಗದ ಲ್ಯಾಟಿನ್ ಪದದಿಂದ ಬಂದದ್ದು. ಅದರ ಅರ್ಥ ಬಾರಿಸುವ ಗಂಟೆ. ಇದಕ್ಕೆ ಕಾರಣವಿದೆ. ಯೂರೋಪಿನ ಮಠಗಳಲ್ಲಿ ಸನ್ಯಾಸಿಗಳು ಹಗಲಿರುಳೆನ್ನದೆ ಗೊತ್ತಾದ ಹೊತ್ತಿಗೆ ಪ್ರಾರ್ಥನೆಗೆ ಸೇರಬೇಕಾಗಿತ್ತು. ಅವರನ್ನು ಕರೆಯಲು ಗಂಟೆ ಬಾರಿಸಬೇಕು. ಬಾರಿಸುವವನಿಗೆ ಹೊತ್ತು ತಿಳಿದಿರಬೇಕು. ನೆರಳಿನ ಗಡಿಯಾರ ರಾತ್ರಿಯಲ್ಲಿ ನಿರುಪಯುಕ್ತ. ನೀರಿನ ಗಡಿಯಾರ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಹದಿಮೂರನೆಯ ಶತಮಾನದ ಕೊನೆಯ ವೇಳೆಗೆ, ತೂಗುಬಿಟ್ಟ ಭಾರದಿಂದ ನಡೆಯುವ ಯಂತ್ರಗಡಿಯಾರಗಳು ಅಲ್ಲಿ ಕಾಣಿಸಿಕೊಂಡವು. ಇಂಗ್ಲೆಂಡಿನ ಸಾಲ್ಸ್‌ಬರಿ ಮಹಾದೇವಾಲಯದಲ್ಲಿ 1386ರದ್ದೆಂದು ಹೇಳಲಾಗುವ ಒಂದು ಗಡಿಯಾರವನ್ನು ಇಂದಿಗೂ ಕಾಪಾಡಿಕೊಂಡು ಬರಲಾಗಿದೆ. ಅದಕ್ಕೆ ಮುಖವೂ ಇಲ್ಲ, ಮುಳ್ಳುಗಳೂ ಇಲ್ಲ. ಗಂಟೆ ಬಾರಿಸುವುದಷ್ಟೇ ಅದರ ಕೆಲಸ.

ಅಂದಿನಿಂದ ಇಂದಿಗೆ ಆರು ಶತಮಾನಗಳು ಸಂದಿವೆ. ಈಗ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇದೆ. ಯಾರೂ ಸರಿಪಡಿಸದೆ, ಯಾರೂ ಕೀ ಕೊಡದೆ ಅದು ತಾನಾಗಿಯೇ ಸರಿಯಾದ ಸಮಯವನ್ನು ತೋರಿಸುತ್ತದೆ. ಹಾಗಿರುವಾಗ ದಿನವೂ ಬೆಳಗ್ಗೆ ಬೆರಳಿನಿಂದ ತಿರುಪಿ ಕೀ ಕೊಡಬೇಕಾದ, ದಿನಕ್ಕೆ ಹತ್ತಿಪ್ಪತ್ತು ಸೆಕೆಂಡು ಹಿಂದುಮುಂದಾಗುವ, ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣೆ ಹಾಕಿಸಬೇಕಾದ ಕೈಗಡಿಯಾರವನ್ನು ಹಣ ಕೊಟ್ಟು ಕೊಳ್ಳುವುದರಲ್ಲಿ ಅರ್ಥವೇನು? ಈ ಪ್ರಶ್ನೆಗೆ ನಾನು ಉತ್ತರ ಹುಡುಕಬೇಕಾಗಿ ಬಂದದ್ದು ನನ್ನ ತಂಗಿಯ ಮಗಳಿಂದ.

ಆಕೆ ನರ್ಸಿಂಗ್ ಮುಗಿಸಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಒಂದು ಭಾನುವಾರ ಬಲಿಪೂಜೆಯ ನಂತರ ಫೋನು ಮಾಡಿ, "ಮಾವ, ಮುಂದಿನ ತಿಂಗಳು ಮೊದಲನೇ ಸಂಬಳ ಬರುತ್ತೆ. ನಿಮ್ಮ ಹತ್ತಿರ ಇದೆಯಲ್ಲ, ಅಂಥದ್ದೇ ಕೀ ವಾಚು ತಗೋಬೇಕು ಅಂತಿದ್ದೀನಿ. ಯಾವುದು ತಗೊಳ್ಳಲಿ ಹೇಳಿ" ಎಂದಳು. ಅದೇ ಸಂಜೆ ಅವಳ ತಾಯಿಯ ಕರೆಯೂ ಬಂತು. "ಅಣ್ಣ, ನೀವೇ ಅವಳಿಗೆ ಸ್ವಲ್ಪ ತಿಳಿಸಿ ಹೇಳಿ. ಓದಿಗೆ ಮಾಡಿದ ಸಾಲವೇ ಇನ್ನೂ ತೀರಿಲ್ಲ. ಈಗ ವಾಚು ಬೇಕಂತೆ!" ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಒಬ್ಬಳು ತಾನು ದುಡಿದ ಮೊದಲ ಹಣದಲ್ಲಿ ಬಹುಕಾಲ ಉಳಿಯುವ ಒಂದು ವಸ್ತುವನ್ನು ಬಯಸುತ್ತಿದ್ದಾಳೆ. ಇನ್ನೊಬ್ಬಳು ಆ ಹಣದ ಮೇಲೆ ಯಾರ ಹಕ್ಕು ಮೊದಲಿನದು ಎಂಬುದನ್ನು ನೆನಪಿಸುತ್ತಿದ್ದಾಳೆ. ಕೀ ವಾಚಿನ ಮೇಲೆ ನನಗಿರುವ ಮೋಹ ನನ್ನ ಸಲಹೆಯನ್ನು ವಾಲಿಸಬಾರದೆಂದು ನಿಶ್ಚಯಿಸಿ, ವಿಷಯವನ್ನು ಬುಡದಿಂದ ಪರಿಶೀಲಿಸತೊಡಗಿದೆ.

ಮೊದಲಿಗೆ ಈ ಯಂತ್ರದ ಒಳಗು. ನಮ್ಮ ಊರುಗಳ ಕೆರೆಯನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೆರೆಯಲ್ಲಿ ನೀರು ತುಂಬಿದೆ. ಏರಿ ಒಡೆದರೆ ಅದು ಒಂದೇ ಗಳಿಗೆಯಲ್ಲಿ ಹರಿದು ಹೋಗುತ್ತದೆ, ಯಾರಿಗೂ ಉಪಯೋಗವಿಲ್ಲ. ಆದ್ದರಿಂದ ತೂಬು ಇದೆ. ತೂಬನ್ನು ಅಳತೆಯಂತೆ ತೆರೆದು ಮುಚ್ಚಲು ನೀರುಗಂಟಿ ಇದ್ದಾನೆ. ವಾಚಿನಲ್ಲಿ ಸುರುಳಿ ಸುತ್ತಿದ ತೆಳುವಾದ ಉಕ್ಕಿನ ಪಟ್ಟಿಯೇ ಕೆರೆ. ನಾವು ಬೆಳಗ್ಗೆ ಕೀ ಕೊಟ್ಟಾಗ ಆ ಸ್ಪ್ರಿಂಗ್ ಬಿಗಿಯಾಗಿ ಶಕ್ತಿಯನ್ನು ತುಂಬಿಕೊಳ್ಳುತ್ತದೆ. ಹಲ್ಲಿನ ಚಕ್ರಗಳು ಕಾಲುವೆಗಳಂತೆ ಆ ಶಕ್ತಿಯನ್ನು ಮುಳ್ಳುಗಳಿಗೆ ಒಯ್ಯುತ್ತವೆ. ಕೊನೆಯ ಚಕ್ರದ ಬಳಿ ಪುಟ್ಟದೊಂದು ಕವಲುಗೋಲು ಒಂದೊಂದೇ ಹಲ್ಲನ್ನು ಹಿಡಿದು ಬಿಡುತ್ತದೆ, ಅದು ತೂಬು. ಆ ಗೋಲನ್ನು ಅತ್ತಿತ್ತ ಆಡಿಸುವ, ಕೂದಲಿನಷ್ಟು ತೆಳುವಾದ ಸ್ಪ್ರಿಂಗಿನೊಡನೆ ತೂಗಾಡುವ ಬ್ಯಾಲೆನ್ಸ್ ಚಕ್ರವೇ ನೀರುಗಂಟಿ. ಕಿವಿಗೆ ಹಿಡಿದಾಗ ಕೇಳುವ ಟಿಕ್ ಟಿಕ್ ಸದ್ದು ಈ ತೂಬು ತೆರೆದು ಮುಚ್ಚುವ ಸದ್ದೇ ಆಗಿದೆ. ಹಳೆಯ ಎಚ್.ಎಂ.ಟಿ. ಕೀ ವಾಚುಗಳಲ್ಲಿ ಇದು ಸೆಕೆಂಡಿಗೆ 5 ಬಾರಿ, ಗಂಟೆಗೆ 18,000 ಬಾರಿ, ದಿನವೊಂದಕ್ಕೆ 4,32,000 ಬಾರಿ ನಡೆಯುತ್ತದೆ. ಇಷ್ಟೊಂದು ಸವೆತವನ್ನು ತಾಳಿಕೊಳ್ಳಲೆಂದು ಚಕ್ರಗಳ ತುದಿ ಕೂರುವ ಕಡೆ ಕೆಂಪು ಹರಳುಗಳನ್ನು ಇಡುತ್ತಾರೆ. ಡಯಲ್ ಮೇಲೆ '17 ಜ್ಯುವೆಲ್ಸ್' ಎಂದು ಬರೆದಿರುವುದು ಇವುಗಳನ್ನು ಕುರಿತೇ. ಅವು ಕೃತಕ ಮಾಣಿಕ್ಯಗಳು; ಬೆಲೆ ಬಾಳುವ ಆಭರಣವೆಂದು ಯಾರೂ ಮೋಸಹೋಗಬೇಕಾಗಿಲ್ಲ.

ಈ ಯಂತ್ರದ ಆಕರ್ಷಣೆ ಇಲ್ಲಿಯೇ ಇದೆ ಎಂದು ನನ್ನ ಎಣಿಕೆ. ಇದರಲ್ಲಿ ಕಣ್ಣಿಗೆ ಮರೆಯಾದದ್ದು ಯಾವುದೂ ಇಲ್ಲ. ಹಿಂಬದಿಯ ಮುಚ್ಚಳ ತೆಗೆದರೆ ಹತ್ತು ವರ್ಷದ ಬಾಲಕನೂ ಯಾವ ಚಕ್ರ ಯಾವುದನ್ನು ತಿರುಗಿಸುತ್ತದೆಂದು ನೋಡಿ ತಿಳಿಯಬಹುದು. ಕೆಟ್ಟರೆ ಕೆಟ್ಟ ಭಾಗವೊಂದನ್ನೇ ತೆಗೆದು ಬೇರೆಯದನ್ನು ಇಡಬಹುದು. ಮನುಷ್ಯನ ಕೈ ಮಾಡಿದ್ದನ್ನು ಮನುಷ್ಯನ ಕೈಯೇ ಸರಿಪಡಿಸಬಹುದು. ನಾವು ದಿನನಿತ್ಯ ಬಳಸುವ ಎಷ್ಟು ವಸ್ತುಗಳ ಬಗ್ಗೆ ಇಂದು ಈ ಮಾತನ್ನು ಹೇಳಲಾದೀತು?

ಹಾಗಾದರೆ ಇಂಥ ವಾಚುಗಳು ಏಕೆ ಹಿಂದೆ ಸರಿದವು? 1969ರ ಡಿಸೆಂಬರ್ 25ರಂದು, ನಾವು ಕ್ರಿಸ್‌ಮಸ್ ಆಚರಿಸುತ್ತಿದ್ದ ದಿನವೇ, ಜಪಾನಿನ ಸೈಕೋ ಸಂಸ್ಥೆಯು ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ಇಟ್ಟಿತು. ಇಂದಿನ ಕ್ವಾರ್ಟ್ಜ್ ವಾಚುಗಳಲ್ಲಿ ಬ್ಯಾಟರಿಯ ವಿದ್ಯುತ್ತಿನಿಂದ ಹರಳೊಂದು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಸೆಕೆಂಡಿಗೆ ಐದು ಬಾರಿ ಬಡಿಯುವ ಯಂತ್ರ ಅದರ ನಿಖರತೆಗೆ ಸಾಟಿಯಾಗುವುದು ಸಾಧ್ಯವೇ ಇರಲಿಲ್ಲ. ಗಡಿಯಾರಗಳ ತವರೆನಿಸಿದ ಸ್ವಿಟ್ಜರ್ಲೆಂಡಿನಲ್ಲಿ 1970ರ ಸುಮಾರಿಗೆ ಈ ಉದ್ಯಮವನ್ನು ನಂಬಿದ್ದ ಕಾರ್ಮಿಕರ ಸಂಖ್ಯೆ, 1980ರ ದಶಕದಲ್ಲಿ ಮೂರನೆಯ ಒಂದು ಭಾಗದಷ್ಟಕ್ಕೆ ಕುಸಿಯಿತು. ನಮ್ಮ ರಾಜ್ಯದಲ್ಲಿಯೂ ಅದೇ ಕಥೆ ಸ್ವಲ್ಪ ತಡವಾಗಿ ನಡೆಯಿತು. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಕಾಂಚನ್, ಕೊಹಿನೂರ್ ಎಂಬ ಹೆಸರುಗಳು ನಮ್ಮ ತಂದೆತಾಯಂದಿರಿಗೆ ಮನೆಮಾತಾಗಿದ್ದವು. ಅಂಧರು ಬೆರಳಿನಿಂದ ಮುಟ್ಟಿ ಹೊತ್ತು ತಿಳಿಯಬಹುದಾದ ಬ್ರೈಲ್ ವಾಚನ್ನೂ ಆ ಸಂಸ್ಥೆ ತಯಾರಿಸಿತು. ಕ್ವಾರ್ಟ್ಜ್ ವಾಚುಗಳ ಪೈಪೋಟಿಯಲ್ಲಿ ಅದು ಹಿಂದೆ ಬಿತ್ತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು.

ಇಷ್ಟನ್ನು ತಿಳಿದುಕೊಂಡ ಮೇಲೆ ನಮ್ಮ ಹುಡುಗಿಯ ಪ್ರಶ್ನೆಗೆ ಬಂದೆ. ದಾದಿಯಾದವಳು ರೋಗಿಯ ನಾಡಿ ಎಣಿಸಬೇಕು. ಸೆಕೆಂಡಿನ ಮುಳ್ಳನ್ನು ನೋಡುತ್ತಾ ಒಂದು ನಿಮಿಷವೋ ಅರ್ಧ ನಿಮಿಷವೋ ಬಡಿತಗಳನ್ನು ಲೆಕ್ಕ ಹಾಕಬೇಕು. ಕೀ ವಾಚು ಈ ಕೆಲಸಕ್ಕೆ ಸಾಲದೆ? ಲೆಕ್ಕ ಮಾಡಿ ನೋಡಿದೆ. ದಿನವೊಂದರಲ್ಲಿ 86,400 ಸೆಕೆಂಡುಗಳಿವೆ. ವಾಚು ದಿನಕ್ಕೆ 20 ಸೆಕೆಂಡು ಮುಂದೆ ಓಡಿದರೂ ಒಂದು ನಿಮಿಷದಲ್ಲಿ ಬೀಳುವ ವ್ಯತ್ಯಾಸ ಒಂದು ಸೆಕೆಂಡಿನ ಎಪ್ಪತ್ತನೆಯ ಒಂದು ಭಾಗದಷ್ಟೂ ಇಲ್ಲ. ಆದ್ದರಿಂದ ನಾಡಿಯ ಎಣಿಕೆಗೆ ಅದರ ನಿಖರತೆ ಧಾರಾಳವಾಗಿ ಸಾಕು. ಆದರೆ ತೊಡಕು ಬೇರೆ ಕಡೆ ಇತ್ತು. ದಾದಿ ಪಾಳಿಯುದ್ದಕ್ಕೂ ಮತ್ತೆ ಮತ್ತೆ ಕೈ ತೊಳೆಯುತ್ತಲೇ ಇರಬೇಕು. ಹಳೆಯ ಕೀ ವಾಚಿಗೆ ನೀರೇ ಶತ್ರು. ಕೀ ತಿರುಪುವ ಗುಂಡಿಯ ಸಂದಿನಿಂದ ತೇವ ಒಳಗೆ ಹೋದರೆ ಉಕ್ಕು ತುಕ್ಕು ಹಿಡಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಣಿಕಟ್ಟಿನಲ್ಲಿ ವಾಚು ಬಳೆಗಳಿದ್ದರೆ ಕೈ ಪೂರ್ಣ ಶುದ್ಧವಾಗದೆ ರೋಗಾಣುಗಳು ಹರಡಬಹುದೆಂದು ಅನೇಕ ಆಸ್ಪತ್ರೆಗಳು ಅವನ್ನು ನಿಷೇಧಿಸಿವೆ. ಇನ್ನು ಎಂ.ಆರ್.ಐ. ಕೋಣೆಗಂತೂ ವಾಚು ಕಟ್ಟಿಕೊಂಡು ಹೋಗುವಂತೆಯೇ ಇಲ್ಲ.

ಆದ್ದರಿಂದ ಅವಳಿಗೆ ನನ್ನ ಮೊದಲ ಉತ್ತರ ಹೀಗಿತ್ತು: "ವಾರ್ಡಿನ ಕೆಲಸಕ್ಕೆ ಕೀ ವಾಚು ಬೇಡ ಮಗಳೇ. ಸಮವಸ್ತ್ರದ ಎದೆಯ ಮೇಲೆ ಪಿನ್ನಿನಿಂದ ಸಿಕ್ಕಿಸಿಕೊಳ್ಳುವ ಬ್ಯಾಟರಿ ವಾಚು ಸಿಗುತ್ತದೆ. ಬೆಲೆಯೂ ಕಡಿಮೆ, ರೋಗಿಗೂ ಕ್ಷೇಮ." ಅತ್ತ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಆಕೆ, "ಅದನ್ನ ತಗೊಂಡಾಗಿದೆ ಮಾವ. ನಾನು ಕೇಳಿದ್ದು ಡ್ಯೂಟಿ ಮುಗಿಸಿ ಬಂದ ಮೇಲೆ ಕಟ್ಟಿಕೊಳ್ಳೋಕೆ. ವಾರ್ಡಿನಲ್ಲಿ ಇಡೀ ದಿನ ಯಂತ್ರಗಳು ಕೂಗ್ತಾ ಇರುತ್ತವೆ, ರೂಮಿಗೆ ಬಂದರೆ ಮೊಬೈಲ್ ಕೂಗುತ್ತೆ. ಏನೂ ಕೂಗದೆ ಇರೋ ಒಂದು ವಸ್ತು ಬೇಕು ನನಗೆ" ಎಂದಳು. ಇಪ್ಪತ್ತೆರಡರ ಹುಡುಗಿಯ ಬಾಯಿಂದ ಬಂದ ಆ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ವಾಚಿನಿಂದ ಅವಳಿಗೆ ಬೇಕಾಗಿದ್ದುದು ನಿಖರತೆಯಲ್ಲ. ದಿನಕ್ಕೊಮ್ಮೆ ತನ್ನ ಗಮನವನ್ನು ಕೇಳಿ, ಉಳಿದ ಹೊತ್ತು ತನ್ನನ್ನು ತನ್ನ ಪಾಡಿಗೆ ಬಿಡುವ ಒಂದು ವಸ್ತು ಅವಳಿಗೆ ಬೇಕಾಗಿತ್ತು. ಸಾಲದ ಕಂತು ಕಟ್ಟಿದ ನಂತರ ಉಳಿದ ಹಣದಲ್ಲಿ ಮಾತ್ರ ಕೊಳ್ಳುವುದೆಂದು ಅವಳೂ ತಾಯಿಯೂ ಒಪ್ಪಂದಕ್ಕೆ ಬಂದರು. ಹೊಸ ವಿದೇಶಿ ಆಟೊಮ್ಯಾಟಿಕ್ ವಾಚುಗಳು ಆ ಮೊತ್ತಕ್ಕೆ ಎಟುಕುತ್ತಿರಲಿಲ್ಲ. ಹಳೆಯ ಕೀ ವಾಚೇ ಉಳಿದ ದಾರಿ.

ನಮ್ಮ ಪಟ್ಟಣದ ಮಾರುಕಟ್ಟೆಯ ಮೂಲೆಯಲ್ಲಿ, ಮೆಟ್ಟಿಲ ಕೆಳಗಿನ ಕಿರಿದಾದ ಜಾಗದಲ್ಲಿ ವಾಚ್ ರಿಪೇರಿಯ ಹಿರಿಯರೊಬ್ಬರು ಕುಳಿತುಕೊಳ್ಳುತ್ತಾರೆ. ಎಪ್ಪತ್ತರ ಸಮೀಪದ ವಯಸ್ಸು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಲೋಕವೇ ಮರೆತಂತೆ. ಗುರುದೀಕ್ಷೆಯ ವರ್ಷದಲ್ಲಿ ಅಣ್ಣ ನನಗೆ ಕೊಡಿಸಿದ ವಾಚನ್ನು ಈಗ ನೋಡಿಕೊಳ್ಳುವವರು ಅವರೇ. ಯಾವ ವಾಚು ಕೊಳ್ಳಬೇಕೆಂದು ಕೇಳಿದಾಗ ಅವರು, "ಫಾದರ್, ವಾಚು ಎಷ್ಟು ಚೆನ್ನಾಗಿದೆ ಅಂತ ಆಮೇಲೆ ನೋಡಿ. ನಾಳೆ ಅದಕ್ಕೆ ಪಾರ್ಟು ಸಿಗುತ್ತಾ ಅಂತ ಮೊದಲು ನೋಡಿ" ಎಂದರು. ಅಪರೂಪದ್ದನ್ನು ಬಯಸಬೇಡಿ, ಎಲ್ಲರ ಕೈಯಲ್ಲೂ ಇದ್ದದ್ದನ್ನೇ ಕೊಳ್ಳಿ ಎಂಬುದು ಅವರ ಮಾತಿನ ಸಾರ. ಒಂದೇ ಬಗೆಯ ಒಳಯಂತ್ರವಿರುವ ವಾಚುಗಳು ಸಾವಿರಾರು ಮನೆಗಳಲ್ಲಿ ಇರುವುದರಿಂದ, ನಿಂತುಹೋದ ಒಂದು ವಾಚಿನ ಚಕ್ರ ಮತ್ತೊಂದಕ್ಕೆ ಜೀವ ಕೊಡುತ್ತದೆ. ಅವರ ಮೇಜಿನ ಡಬ್ಬಿಗಳ ತುಂಬ ಅಂಥ ಭಾಗಗಳೇ ಇದ್ದವು.

ಅವರಿಂದ ನಾನು ಕಲಿತದ್ದನ್ನು ಓದುಗರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ವಾಚು ಕೊಳ್ಳುವಾಗ ಹೊಳಪಿಗೆ ಮರುಳಾಗಬಾರದು. ಇಂಟರ್‌ನೆಟ್‌ನಲ್ಲಿ ಮಾರಾಟಕ್ಕಿರುವ ಹಲವು ಹಳೆಯ ವಾಚುಗಳ ಡಯಲ್‌ಗಳಿಗೆ ಹೊಸದಾಗಿ ಬಣ್ಣ ಬಳಿದು ಅಕ್ಷರ ಅಚ್ಚುಹಾಕಿರುತ್ತಾರೆ. ಅಕ್ಷರಗಳು ದಪ್ಪವಾಗಿ, ಸಾಲು ತಪ್ಪಿ ಇದ್ದರೆ, ನಿಮಿಷದ ಗೆರೆಗಳು ಮುಳ್ಳಿನ ಜಾಗಕ್ಕೆ ಹೊಂದದಿದ್ದರೆ, ಕಾರ್ಖಾನೆಯಿಂದ ಎಂದೂ ಹೊರಬರದ ಕಣ್ಣುಕುಕ್ಕುವ ಬಣ್ಣವಿದ್ದರೆ ಅನುಮಾನಿಸಬೇಕು. ಪ್ರಾಮಾಣಿಕವಾಗಿ ಮಾಸಿದ ಡಯಲ್, ಸುಳ್ಳು ಹೊಳಪಿನ ಡಯಲ್‌ಗಿಂತ ಮೇಲು. ಹಿಂಬದಿಯ ಮುಚ್ಚಳ ತೆಗೆದು ತೋರಿಸಲು ಒಪ್ಪದವರಿಂದ ಕೊಳ್ಳಬಾರದು. ಒಳಗೆ ತುಕ್ಕಿದೆಯೇ ಎಂದು ನೋಡಲೇಬೇಕು. ಕೀ ತಿರುಪುವಾಗ ಜಾರದೆ, ಕಚ್ಚದೆ, ಮೆತ್ತಗೆ ಬಿಗಿಯಾಗಬೇಕು. ನಿಂತ ವಾಚು ನಾಲ್ಕೈದು ತಿರುವಿಗೆ ತಾನೇ ನಡೆಯತೊಡಗಬೇಕು, ಅಲುಗಾಡಿಸಬೇಕಾಗಿ ಬರಬಾರದು. ಟಿಕ್ ಟಿಕ್ ಸದ್ದು ಸಮವಾಗಿರಬೇಕು, ಕುಂಟುವವರ ಹೆಜ್ಜೆಯಂತಿರಬಾರದು. ಪೂರ್ತಿ ಕೀ ಕೊಟ್ಟು ಒಂದು ದಿನ ಮುಖ ಮೇಲಾಗಿ ಮಲಗಿಸಿ, ಇನ್ನೊಂದು ದಿನ ನಿಲ್ಲಿಸಿಟ್ಟು, ಮೊಬೈಲಿನ ಸಮಯದೊಡನೆ ಹೋಲಿಸಬೇಕು. ದಿನಕ್ಕೆ ಅರ್ಧ ನಿಮಿಷದೊಳಗಿನ ವ್ಯತ್ಯಾಸವನ್ನು ಹಳೆಯ ವಾಚಿನಲ್ಲಿ ಕ್ಷಮಿಸಬಹುದು. ದಿನದಿನಕ್ಕೆ ಮನಬಂದಂತೆ ಬದಲಾಗುವುದನ್ನು ಕ್ಷಮಿಸಬಾರದು.

ಕೊಂಡ ಮೇಲೆ ಪಾಲಿಸಬೇಕಾದ ನಿಯಮಗಳೂ ಸರಳ. ದಿನವೂ ಒಂದೇ ಹೊತ್ತಿಗೆ, ವಾಚನ್ನು ಮಣಿಕಟ್ಟಿನಿಂದ ಬಿಚ್ಚಿ, ಕೀ ಕೊಡಬೇಕು. ಬೆರಳಿಗೆ ತಡೆ ಸಿಕ್ಕಿದೊಡನೆ ನಿಲ್ಲಿಸಬೇಕು. ಸ್ನಾನಕ್ಕೆ, ಮಳೆಗೆ ಕಟ್ಟಿಕೊಂಡು ಹೋಗಬಾರದು. ಧ್ವನಿವರ್ಧಕ, ಆಯಸ್ಕಾಂತದ ಗುಂಡಿಯಿರುವ ಮೊಬೈಲ್ ಚೀಲ ಇವುಗಳ ಪಕ್ಕದಲ್ಲಿ ಇಡಬಾರದು. ಸರಿಯಾಗಿದ್ದ ವಾಚು ಒಮ್ಮೆಲೇ ಹಲವು ನಿಮಿಷ ಮುಂದೆ ಓಡತೊಡಗಿದರೆ ಅದರ ಕೂದಲು ಸ್ಪ್ರಿಂಗ್‌ಗೆ ಆಯಸ್ಕಾಂತ ತಗುಲಿರುವುದೇ ಬಹುಪಾಲು ಕಾರಣ. ಬಲ್ಲವರು ಅದನ್ನು ಗಳಿಗೆಯಲ್ಲಿ ತೆಗೆದುಬಿಡುತ್ತಾರೆ. ನಾಲ್ಕೈದು ವರ್ಷಕ್ಕೊಮ್ಮೆ ಒಳಗಿನ ಎಣ್ಣೆ ಒಣಗುತ್ತದೆ. ನಡೆಯುತ್ತಿದೆಯಲ್ಲ ಎಂದು ಸುಮ್ಮನಿದ್ದರೆ ಲೋಹ ಲೋಹವನ್ನು ತಿನ್ನುತ್ತದೆ.

ಕೇಳುವವರಿಗೆ ಇದೆಲ್ಲ ದೊಡ್ಡ ತಲೆನೋವೆನಿಸಬಹುದು. ಆದರೆ ಇದೇ ತಲೆನೋವು ಒಮ್ಮೆ ಒಂದು ಸಾಮ್ರಾಜ್ಯದ ಬಾಗಿಲನ್ನು ತೆರೆದಿಟ್ಟಿತ್ತು. ಯೇಸುಸಭೆಯ ಗುರು ಮತ್ತೆಯೊ ರಿಚ್ಚಿ 1601ರಲ್ಲಿ ಚೀನಾದ ವಾನ್‌ಲಿ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದ ವಸ್ತುಗಳಲ್ಲಿ ತಾನಾಗಿಯೇ ಗಂಟೆ ಬಾರಿಸುವ ಗಡಿಯಾರಗಳಿದ್ದವು. ಚಕ್ರವರ್ತಿಗೆ ಅವು ಬಹಳ ಮೆಚ್ಚಿಕೆಯಾದವು. ಆದರೆ ಅವಕ್ಕೆ ಕೀ ಕೊಡುವ ಕ್ರಮ ಅರಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ರಿಚ್ಚಿ ಮತ್ತು ಸಂಗಡಿಗರು ಅರಮನೆಯ ಸೇವಕರಿಗೆ ಅದನ್ನು ಕಲಿಸಿದರು; ಮುಂದೆಯೂ ಆ ಗಡಿಯಾರಗಳನ್ನು ನೋಡಿಕೊಳ್ಳಲು ಅವರಿಗೆ ಅರಮನೆಯ ಪ್ರವೇಶ ದೊರೆಯಿತು. ರಿಚ್ಚಿ ಚಕ್ರವರ್ತಿಯ ಮುಖವನ್ನು ಎಂದೂ ಕಾಣಲಿಲ್ಲ. ಆದರೂ 1610ರಲ್ಲಿ ತೀರಿಕೊಳ್ಳುವ ತನಕ ಬೀಜಿಂಗ್‌ನಲ್ಲಿ ನೆಲೆಸಿ ಚೀನೀ ವಿದ್ವಾಂಸರ ಸ್ನೇಹ ಗಳಿಸಿದರು. ಎಂದೂ ಕೆಡದ, ಯಾರ ಆರೈಕೆಯನ್ನೂ ಬೇಡದ ಗಡಿಯಾರವನ್ನು ಒಯ್ದಿದ್ದರೆ, ಅದನ್ನು ಪಡೆದ ದಿನವೇ ಅರಮನೆಗೆ ಅವರ ಅಗತ್ಯ ತೀರಿಹೋಗುತ್ತಿತ್ತೇನೋ. ಆರೈಕೆ ಬೇಡುವ ವಸ್ತುವೊಂದು ಮನುಷ್ಯರನ್ನು ಮತ್ತೆ ಮತ್ತೆ ಒಬ್ಬರ ಬಳಿಗೊಬ್ಬರನ್ನು ಕರೆತರುತ್ತದೆ.

ಆದ್ದರಿಂದ ವಾಚು ಆರಿಸುವವರಿಗೆ ನಾನು ಹೇಳುವುದು ಇಷ್ಟೇ. ಹೆಸರು, ಬೆಲೆ, ಹೊಳಪು ಇವೆಲ್ಲವನ್ನೂ ನೋಡುವ ಮುನ್ನ, ಇದನ್ನು ನೋಡಿಕೊಳ್ಳುವವರು ನಿಮ್ಮ ಊರಿನಲ್ಲಿ ಯಾರಿದ್ದಾರೆಂದು ಕೇಳಿಕೊಳ್ಳಿ. ಅವರ ಬಳಿಗೆ ನಡೆದು ಹೋಗಲು ಸಾಧ್ಯವಾದರೆ ವಾಚು ಕೊಳ್ಳಿ. ಅಂಥವರು ಇಲ್ಲವಾದರೆ ಬ್ಯಾಟರಿ ವಾಚೇ ಲೇಸು; ಅದರಲ್ಲಿ ಅವಮಾನವೇನೂ ಇಲ್ಲ. ಸಾವಿರಾರು ರೂಪಾಯಿ ಕೊಟ್ಟು ಕೊಂಡ ಯಂತ್ರವೊಂದು ಕಪಾಟಿನಲ್ಲಿ ನಿಂತಿರುವುದಕ್ಕಿಂತ, ಸಾಧಾರಣ ವಾಚೊಂದು ಕೈಯಲ್ಲಿ ನಡೆಯುತ್ತಿರುವುದು ಮೇಲಲ್ಲವೇ?

ಎರಡು ತಿಂಗಳ ನಂತರ ಆಕೆ ರಜೆಗೆ ಬಂದಾಗ ಇಬ್ಬರೂ ಆ ಮೆಟ್ಟಿಲ ಕೆಳಗಿನ ಅಂಗಡಿಗೆ ಹೋದೆವು. ಹಿರಿಯರು ಮೂರು ವಾಚುಗಳನ್ನು ಸಿದ್ಧಪಡಿಸಿಟ್ಟಿದ್ದರು. ಮೂರನ್ನೂ ಕಿವಿಗೆ ಹಿಡಿದು ಕೇಳಿ, ಅವಳು ಬಿಳಿ ಡಯಲ್ಲಿನ, ಅಂಚಿನಲ್ಲಿ ತುಸು ಮಾಸಿದ್ದ ಒಂದು 'ಜನತಾ' ವಾಚನ್ನು ಆರಿಸಿದಳು. ಅವರು ಹಿಂಬದಿಯ ಮುಚ್ಚಳ ತೆಗೆದು ಅದರ ಒಳಮೈಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಸೂಜಿಯಿಂದ ಗೀಚಿದ ಮೂರು ಪುಟ್ಟ ಗುರುತುಗಳಿದ್ದವು. ವಾಚನ್ನು ಬಿಚ್ಚಿ ಸರಿಪಡಿಸಿದ ಪ್ರತಿಯೊಬ್ಬರೂ ಹಾಗೆ ತಮ್ಮ ಗುರುತನ್ನೋ ತಾರೀಕನ್ನೋ ಬರೆದಿಡುವುದು ಆ ಕಸುಬಿನವರ ವಾಡಿಕೆಯಂತೆ. ಯಾವ ಊರಿನವರೋ, ಎಂದು ಬರೆದದ್ದೋ ತಿಳಿಯದು. ನಾಲ್ಕನೆಯ ಗುರುತು ಅವರದೇ. "ಐದನೆಯದು ಯಾರು ಬರೀತಾರೆ ತಾತ?" ಎಂದು ಇವಳು ಕೇಳಿದಳು. ಅವರು ಪಕ್ಕದಲ್ಲಿ ಬ್ಯಾಟರಿ ಬದಲಿಸುತ್ತಿದ್ದ ಹುಡುಗನ ಕಡೆ ನೋಡಿ, "ಇವನು ಕೂತು ಕಲಿತರೆ ಇವನು. ಆದರೆ ರಿಪೇರಿಗೆ ವಾಚು ಬಂದರೆ ತಾನೇ ಅವನು ಕಲಿಯೋದು?" ಎಂದರು.

ಆ ಮಾತನ್ನು ನಿಮ್ಮ ಮುಂದಿಡಲೆಂದೇ ಇಷ್ಟು ಬರೆದೆ. ನಿಮ್ಮ ಮನೆಯ ಕಪಾಟಿನಲ್ಲಿಯೋ, ಹಿರಿಯರ ಪೆಟ್ಟಿಗೆಯಲ್ಲಿಯೋ ನಿಂತುಹೋದ ಕೀ ವಾಚೊಂದು ಇದ್ದೀತು. ಹೊಸದನ್ನು ಕೊಳ್ಳುವ ಮುನ್ನ ಅದನ್ನು ಹೊರತೆಗೆಯಿರಿ. ಬಲವಂತವಾಗಿ ಕೀ ತಿರುಪಬೇಡಿ. ಒಂದು ಬಟ್ಟೆಯಲ್ಲಿ ಸುತ್ತಿ, ನಿಮ್ಮ ಊರಿನಲ್ಲಿ ಭೂತಗನ್ನಡಿ ಹಿಡಿದು ಇನ್ನೂ ಕುಳಿತಿರುವವರ ಬಳಿಗೆ ಒಯ್ಯಿರಿ. ಸಾಧ್ಯವಾದರೆ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಮುಚ್ಚಳ ತೆರೆದಾಗ ಅವರೂ ಬಗ್ಗಿ ನೋಡಲಿ.